ವಿಯೆನ್ನಾಗೆ ಹೋಗೋದಾ, ನೇಪಲ್ಸ್‌ಗೆ ಹೋಗೋದಾ? ತೀರ್ಮಾನ ಮಾಡುವುದು ಹೀಗೆ

ಹೋದ ತಿಂಗಳು ತಂಗಿ ಫೋನ್ ಮಾಡಿದ್ದಳು. "ಅಣ್ಣ, ಒಂದೇ ವಾರ ರಜೆ ಸಿಕ್ಕಿದೆ. ವಿಯೆನ್ನಾಗೆ ಹೋಗಲಾ, ನೇಪಲ್ಸ್‌ಗೆ ಹೋಗಲಾ?" ನಾನು ಎರಡೂ ಊರು ನೋಡಿದ್ದೇನೆ, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ಅಪ್ಪ ಅಮ್ಮನ ಜೊತೆ, ದಕ್ಷಿಣ ಇಟಲಿಯ ನೇಪಲ್ಸ್ ಹೆಂಡತಿಯ ಜೊತೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಯಾಕಂದರೆ ಈ ಎರಡೂ ಊರು ನನಗೆ ತುಂಬಾ ಇಷ್ಟ, ಆದರೆ ಇವು ಒಂದಕ್ಕೊಂದು ಎಷ್ಟು ಬೇರೆ ಅಂದರೆ, ನಿಮಗೆ ಹೊಂದದ ಊರಿಗೆ ಹೋದರೆ ಅಷ್ಟು ದುಡ್ಡು ಹಾಕಿದ ರಜೆ ಸುಮ್ನೆ ಹಾಳಾಗುತ್ತದೆ.

ಮೊದಲನೆಯದಾಗಿ, ನೋಡುವ ಜಾಗಗಳ ಪಟ್ಟಿ ಮಾಡಿ ಹೋಲಿಸಲು ಹೋಗಬೇಡಿ. ವಿಯೆನ್ನಾದಲ್ಲಿ ಶೋನ್‌ಬ್ರುನ್ ಅರಮನೆ ಇದೆ, ನೇಪಲ್ಸ್ ಪಕ್ಕದಲ್ಲಿ ಜ್ವಾಲಾಮುಖಿ ಸಿಡಿದು ಹೂತುಹೋದ ಹಳೇ ಊರು ಪಾಂಪೇ ಇದೆ. ಇದರಲ್ಲಿ ಯಾವುದು ಮೇಲು ಅಂತ ಹೇಗೆ ಹೇಳುತ್ತೀರಿ? ಅದರ ಬದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಬೆಳಗ್ಗೆ ಹೋಟೆಲ್ ಬಾಗಿಲು ದಾಟಿದ ತಕ್ಷಣ ಎದುರಿಗೆ ಎಂಥ ಬೀದಿ ಇದ್ದರೆ ನಿಮಗೆ ಖುಷಿ?

ವಿಯೆನ್ನಾದಲ್ಲಿ ಅಗಲವಾದ ರಸ್ತೆ, ಹೊತ್ತಿಗೆ ಸರಿಯಾಗಿ ಬರುವ ಟ್ರಾಮು, ಕುಳಿತುಕೊಳ್ಳಲು ಬೆಂಚು, ಎಲ್ಲೆಲ್ಲೂ ಪಾರ್ಕು. 1857ರಲ್ಲಿ ಚಕ್ರವರ್ತಿ ಫ್ರಾನ್ಜ್ ಯೋಸೆಫ್ ಹಳೇ ಕೋಟೆ ಗೋಡೆ ಕೆಡವಲು ಅಪ್ಪಣೆ ಕೊಟ್ಟ. ಆ ಜಾಗದಲ್ಲೇ ರಿಂಗ್‌ಸ್ಟ್ರಾಸೆ ಅನ್ನುವ ದೊಡ್ಡ ಸುತ್ತು ರಸ್ತೆ ಬಂತು. ಒಪೆರಾ, ಪಾರ್ಲಿಮೆಂಟು, ಮ್ಯೂಸಿಯಂಗಳು ಎಲ್ಲ ಅದರ ಮೇಲೇ ಸಾಲಾಗಿವೆ. ಅಂದರೆ ಕಾಲು ನೋಯಿಸಿಕೊಳ್ಳದೆ, ಟ್ರಾಮಿನಲ್ಲಿ ಕುಳಿತೇ ಅರ್ಧ ಊರು ನೋಡಬಹುದು. ನಮ್ಮಪ್ಪನಿಗೆ ಮಂಡಿ ನೋವು, ಆದರೂ ಐದು ದಿನದಲ್ಲಿ ಒಂದು ದಿನವೂ ಅವರು "ಸಾಕಪ್ಪ" ಅನ್ನಲಿಲ್ಲ.

ನೇಪಲ್ಸ್ ಹಾಗಲ್ಲ. ಹಳೇ ಊರಿನ ನಡುವೆ ಸ್ಪಾಕ್ಕಾನಾಪೋಲಿ ಅನ್ನುವ ನೇರ ಬೀದಿ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕರು ಹಾಕಿದ ಬೀದಿಗಳ ಜಾಡನ್ನೇ ಅದು ಇವತ್ತಿಗೂ ಹಿಡಿದು ಸಾಗುತ್ತದೆ. ಅಗಲ ಎಷ್ಟು ಅಂದರೆ ನಮ್ಮ ಚಿಕ್ಕಪೇಟೆ ಗಲ್ಲಿಯಷ್ಟು. ಅದರಲ್ಲೇ ಜನ, ಅದರಲ್ಲೇ ಸ್ಕೂಟರು, ಅದರಲ್ಲೇ ತರಕಾರಿ ಅಂಗಡಿ, ಮೇಲೆ ಬಾಲ್ಕನಿಯಿಂದ ಬಾಲ್ಕನಿಗೆ ಒಣಗಲು ಹಾಕಿದ ಬಟ್ಟೆ, ಇದ್ದಕ್ಕಿದ್ದಂತೆ ಒಂದು ಬಾಗಿಲು ತೆರೆದರೆ ಒಳಗೆ ಬಂಗಾರದ ಬಣ್ಣದ ಚರ್ಚು. ನಡೆಯುವ ನೆಲ ಕರೀ ಕಲ್ಲಿನ ಚಪ್ಪಡಿ, ಏರುತಗ್ಗು ಜಾಸ್ತಿ. ಗದ್ದಲ ಇಷ್ಟಪಡುವವರಿಗೆ ಇದು ಹಬ್ಬ, ನನಗಂತೂ ಮೊದಲ ಸಂಜೆಯೇ ಮನಸ್ಸು ತುಂಬಿತು. ಆದರೆ ಮಂಡಿ ನೋವಿರುವವರನ್ನು, ತಳ್ಳುಗಾಡಿಯಲ್ಲಿ ಮಗುವನ್ನು ಕರೆದುಕೊಂಡು ಹೋಗುವವರಿಗೆ ಇದು ದಿನವಿಡೀ ಪರದಾಟ.

ಹಾಗಾಗಿ ಜೊತೆಯಲ್ಲಿ ಯಾರು ಬರುತ್ತಾರೆ ಅನ್ನುವುದರ ಮೇಲೆ ಅರ್ಧ ತೀರ್ಮಾನ ಆಗಿಹೋಗುತ್ತದೆ. ಅರವತ್ತೈದು ದಾಟಿದ ಅಪ್ಪ ಅಮ್ಮ, ಮೊದಲ ಸಲ ಯುರೋಪು ಅಂದರೆ ಕಣ್ಣು ಮುಚ್ಚಿ ವಿಯೆನ್ನಾ. ಚಿಕ್ಕ ಮಕ್ಕಳಿದ್ದರೂ ವಿಯೆನ್ನಾವೇ ಸುಲಭ. ಶೋನ್‌ಬ್ರುನ್ ತೋಟಕ್ಕೆ ಪ್ರವೇಶ ಉಚಿತ. ಅದರೊಳಗೇ 1752ರಲ್ಲಿ ಶುರುವಾದ ಮೃಗಾಲಯ ಇದೆ, ಇವತ್ತೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಜಗತ್ತಿನಲ್ಲೇ ಹಳೆಯದು, ಅದಕ್ಕೆ ಮಾತ್ರ ಬೇರೆ ಟಿಕೆಟ್. ಪ್ರಾಟರ್ ಪಾರ್ಕಿನಲ್ಲಿ 1897ರ ಜಯಂಟ್ ವೀಲ್ ಇದೆ. ಇಬ್ಬರೇ ಹೋಗುವವರು, ಗೆಳೆಯರ ಗುಂಪು, ಹದಿಹರೆಯದ ಮಕ್ಕಳಿರುವವರು ನೇಪಲ್ಸ್ ಬಗ್ಗೆ ಧೈರ್ಯವಾಗಿ ಯೋಚಿಸಿ. ಅದರಲ್ಲೂ ಮನೆಯಲ್ಲಿ ಫುಟ್‌ಬಾಲ್ ಹುಚ್ಚಿನವರಿದ್ದರೆ ನನ್ನನ್ನು ಕೇಳಲೇಬೇಡಿ, ನೇಪಲ್ಸ್. ಮರಡೋನಾ 1984ರಿಂದ 1991ರವರೆಗೆ ಆಡಿದ್ದು ಇಲ್ಲೇ. ಸ್ಪ್ಯಾನಿಷ್ ಕ್ವಾರ್ಟರ್ ಅನ್ನುವ ಬಡಾವಣೆಯಲ್ಲಿ ಗೋಡೆಯ ಮೇಲೆ ಅವರ ದೊಡ್ಡ ಚಿತ್ರ ಇದೆ, ಅದರ ಮುಂದೆ ಹೂವು, ಮೇಣದ ಬತ್ತಿ, ಜರ್ಸಿ ಇಟ್ಟು ಹೋಗುತ್ತಾರೆ. ಪಕ್ಕಾ ಗುಡಿಯೇ.

ಆಮೇಲೆ ಊಟ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಇದೇ ದೊಡ್ಡ ಚಿಂತೆ ಅಲ್ವಾ? ಇಲ್ಲಿ ನೇಪಲ್ಸ್ ಸುಲಭವಾಗಿ ಮುಂದೆ ನಿಲ್ಲುತ್ತದೆ. ಅಲ್ಲಿಯ ಪಿಜ್ಜಾ ಹಿಟ್ಟಿನಲ್ಲಿರುವುದು ಮೈದಾ, ನೀರು, ಉಪ್ಪು, ಯೀಸ್ಟ್, ಅಷ್ಟೇ. ಮಾರ್ಗೆರೀಟಾ ತಗೊಳ್ಳಿ, ಇಲ್ಲವಾದರೆ ಮರಿನಾರಾ. ಮರಿನಾರಾ ಮೇಲೆ ಚೀಸ್ ಕೂಡ ಇರುವುದಿಲ್ಲ, ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಮಾತ್ರ. ಬೆಂಕಿಯ ಗೂಡಿನಲ್ಲಿ ಒಂದೂವರೆ ನಿಮಿಷದಲ್ಲಿ ಬೇಯುತ್ತದೆ, ನಡುವೆ ಮೆತ್ತಗೆ, ಅಂಚು ಉಬ್ಬಿ ಅಲ್ಲಲ್ಲಿ ಕಪ್ಪಾಗಿರುತ್ತದೆ. ಬೆಂಗಳೂರಿನ ಗರಿಗರಿ ಪಿಜ್ಜಾ ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಆದರೆ ಹುಷಾರಾಗಿರಬೇಕಾದ ಕಡೆಯೂ ಇವೆ. ಸ್ಫೋಲ್ಯಾಟೆಲ್ಲಾ ಅನ್ನುವ ಪದರ ಪದರದ ಸಿಹಿ ತಿಂಡಿ ನೋಡಲು ನಮ್ಮ ಚಿರೋಟಿಯ ಹಾಗೇ ಇರುತ್ತದೆ, ಆದರೆ ಆ ಪದರಕ್ಕೆ ಸಾಂಪ್ರದಾಯಿಕವಾಗಿ ಹಂದಿ ಕೊಬ್ಬು ಸವರುತ್ತಾರೆ. ಬೀನ್ಸ್ ಪಾಸ್ತಾ, ಆಲೂಗೆಡ್ಡೆ ಪಾಸ್ತಾದಲ್ಲೂ ಹಂದಿ ಮಾಂಸದ ಚೂರು ಇರಬಹುದು. "ಸೆನ್ಜಾ ಕಾರ್ನೆ" ಅಂದರೆ ಮಾಂಸ ಬೇಡ ಅಂತ. ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿ.

ವಿಯೆನ್ನಾದಲ್ಲಿ ಅಲ್ಲಿಯದೇ ಅಡುಗೆ ಅಂದರೆ ಮಾಂಸವೇ ಹೆಚ್ಚು. ಸೂಪಿನಲ್ಲಿ ದೋಸೆಯನ್ನು ಶಾವಿಗೆ ಥರ ಹೆಚ್ಚಿ ಹಾಕಿ ತಂದು ಕೊಡುತ್ತಾರೆ, ಫ್ರಿಟಾಟೆನ್ ಸೂಪ್ ಅಂತ. ನೋಡಿದರೆ ಅಪ್ಪಟ ಸಸ್ಯಾಹಾರ, ಆದರೆ ಆ ತಿಳಿ ದನದ ಮಾಂಸದ್ದು. ನಮ್ಮಮ್ಮನ ಎದುರಿಗೆ ಬಟ್ಟಲು ಬಂದಾಗ ಯಾಕೋ ಅನುಮಾನ ಬಂದು ಕೇಳಿದೆ, ಬಚಾವಾದೆವು. ಮೊಟ್ಟೆ ತಿನ್ನುವವರಾದರೆ ಕೇಸೆಷ್ಪೆಟ್ಸ್ಲೆ ಅನ್ನುವ ಚೀಸ್ ಹಾಕಿದ ಗಿಡ್ಡ ಶಾವಿಗೆಯಂಥದ್ದು, ಕೈಸರ್‌ಷ್ಮಾರ್ನ್ ಅನ್ನುವ ಚೂರು ಚೂರು ಮಾಡಿದ ಸಿಹಿ ದೋಸೆ, ಇವೆಲ್ಲ ಚೆನ್ನಾಗಿವೆ. ಮೊಟ್ಟೆಯನ್ನೂ ತಿನ್ನದವರು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಇಂಡಿಯನ್ ಹೋಟೆಲ್‌ಗಳಿಗೂ ಕೊರತೆ ಇಲ್ಲ. ನಲ್ಲಿ ನೀರು ಮಾತ್ರ ಅಮೃತ. 1873ರಿಂದ ಆಲ್ಪ್ಸ್ ಬೆಟ್ಟದ ಬುಗ್ಗೆ ನೀರು ಕೊಳವೆಯಲ್ಲಿ ಊರಿಗೆ ಬರುತ್ತಿದೆ, ಬಾಟಲಿ ನೀರಿಗೆ ದುಡ್ಡು ಕೊಡಬೇಡಿ.

ಇನ್ನು ಕಾಫಿ. ನಮ್ಮದು ಸಕಲೇಶಪುರದ ಕಡೆ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ. ಎರಡೂ ಊರಿಗೆ ಕಾಫಿ ಉಸಿರು, ಆದರೆ ಕುಡಿಯುವ ರೀತಿ ನೋಡಿದರೆ ಊರಿನ ಗುಣವೇ ಗೊತ್ತಾಗುತ್ತದೆ. ವಿಯೆನ್ನಾದ ಕಾಫಿ ಹೌಸಿನಲ್ಲಿ ಸಣ್ಣ ತಟ್ಟೆಯ ಮೇಲೆ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು ತಂದಿಡುತ್ತಾರೆ. ಆ ಒಂದು ಕಪ್ಪಿಗೆ ಎರಡು ಗಂಟೆ ಕುಳಿತರೂ ಯಾರೂ ಏಳಿ ಅನ್ನುವುದಿಲ್ಲ. ಮರದ ಚೌಕಟ್ಟಿಗೆ ಸಿಕ್ಕಿಸಿದ ಪೇಪರು ಓದುತ್ತಾ ಕುಳಿತಿರುತ್ತಾರೆ. ಹಾಲು ಹಾಕಿದ್ದು ಬೇಕಾದರೆ ಮೆಲಾಂಜ್ ಅಂತ ಕೇಳಿ. ನೇಪಲ್ಸಿನಲ್ಲಿ ನಿಂತುಕೊಂಡೇ ಕುಡಿಯುವುದು. ನಮ್ಮ ದರ್ಶಿನಿಯ ಹಾಗೆ ಕೌಂಟರಿನ ಮುಂದೆ ನಿಂತು, ಮೊದಲು ನೀರು, ಆಮೇಲೆ ಎರಡು ಮೂರು ಗುಟುಕಿನ ಗಟ್ಟಿ ಕಾಫಿ, ಮುಗಿಯಿತು, ಹೊರಟರು. ಆ ಕಡೆಯ ಎಸ್ಪ್ರೆಸೊಗೆ ರೋಬಸ್ಟಾ ಬೀಜ ಧಾರಾಳವಾಗಿ ಸೇರಿಸುತ್ತಾರೆ, ಅದಕ್ಕೇ ಅಷ್ಟು ಖಡಕ್. ಭಾರತದ ಕಾಫಿಯನ್ನು ಹೆಚ್ಚು ಕೊಳ್ಳುವ ದೇಶವೂ ಇಟಲಿಯೇ, ನಮ್ಮ ತೋಟದ ಕಡೆಯ ಬೀಜ ಅಲ್ಲಿಯ ಲೋಟದಲ್ಲಿ ಇದ್ದರೂ ಇರಬಹುದು ಅಂತ ನೆನೆದಾಗ ನನಗೆ ನಿಜಕ್ಕೂ ಖುಷಿಯಾಯಿತು. ಅಲ್ಲಿ ಇನ್ನೊಂದು ಪದ್ಧತಿ ಇದೆ, ಕಾಫೆ ಸೋಸ್ಪೇಸೊ. ಒಂದು ಕಾಫಿ ಕುಡಿದು ಎರಡರ ದುಡ್ಡು ಕೊಟ್ಟು ಹೋಗುವುದು. ಆ ಎರಡನೆಯದು ಕೈಯಲ್ಲಿ ಕಾಸಿಲ್ಲದೆ ಬರುವ ಯಾರೋ ಒಬ್ಬರಿಗೆ. ಒಂದು ದಿನವಾದರೂ ನೀವೂ ಕೊಟ್ಟು ಬನ್ನಿ.

ಕುಳಿತು ಕುಡಿಯುವುದು ನಿಮಗೆ ರಜೆಯೋ, ನಿಂತು ಕುಡಿದು ಬೀದಿಗೆ ಇಳಿಯುವುದು ರಜೆಯೋ? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಊರೂ ಸಿಕ್ಕಿತು.

ಮುಂದಿನದು ತಿಂಗಳು. ಏಪ್ರಿಲ್-ಮೇ ಎರಡಕ್ಕೂ ಚೆನ್ನ, ನಮ್ಮ ಶಾಲೆಗಳ ಬೇಸಿಗೆ ರಜೆಯೂ ಆಗಲೇ. ದಸರಾ ರಜೆಯಲ್ಲಿ ಹೋಗುವುದಾದರೆ ನಾನು ನೇಪಲ್ಸ್ ಅನ್ನುತ್ತೇನೆ, ಅಕ್ಟೋಬರಿನಲ್ಲೂ ಅಲ್ಲಿ ಹಿತವಾದ ಬಿಸಿಲಿರುತ್ತದೆ. ಜುಲೈ-ಆಗಸ್ಟ್ ಎರಡೂ ಬೇಡ. ನೇಪಲ್ಸಿನಲ್ಲಿ ಸೆಕೆ ತಡೆಯಲಾಗುವುದಿಲ್ಲ, ಆಗಸ್ಟ್ 15ರ ಆಸುಪಾಸಿನಲ್ಲಿ ಎಷ್ಟೋ ಅಂಗಡಿ ಬಾಗಿಲು ಹಾಕಿರುತ್ತವೆ. ವಿಯೆನ್ನಾದ ಸ್ಟೇಟ್ ಒಪೆರಾಗೆ ಆ ಎರಡು ತಿಂಗಳು ರಜೆ. ಸಂಗೀತಕ್ಕಾಗಿಯೇ ಹೋಗುವವರು ಇದನ್ನು ಗಮನಿಸದೆ ಟಿಕೆಟ್ ತೆಗೆದು ಪೇಚಾಡುತ್ತಾರೆ. ಉಳಿದ ಸಮಯದಲ್ಲಿ ಅಲ್ಲಿ ನಿಂತು ನೋಡುವ ಟಿಕೆಟ್ ತುಂಬಾ ಅಗ್ಗ, ಒಂದು ಊಟದ ದುಡ್ಡಿಗಿಂತ ಕಡಿಮೆ. ಡಿಸೆಂಬರಿನಲ್ಲಿ ವಿಯೆನ್ನಾದ ಕ್ರಿಸ್ಮಸ್ ಸಂತೆ ಚೆಂದ, ಆದರೆ ಕೊರೆಯುವ ಚಳಿ, ಸಂಜೆ ನಾಲ್ಕಕ್ಕೆಲ್ಲ ಕತ್ತಲು.

ಡಿಸೆಂಬರ್ ಅಂದಾಗ ನೆನಪಾಯಿತು, ನೇಪಲ್ಸಿನ ಸಾನ್ ಗ್ರೆಗೋರಿಯೊ ಅರ್ಮೇನೊ ಬೀದಿ. ಕ್ರಿಸ್ತ ಹುಟ್ಟಿದ ದನದ ಕೊಟ್ಟಿಗೆಯ ಗೊಂಬೆಗಳನ್ನು ಮಾಡಿ ಮಾರುವ ಬೀದಿ ಅದು. ಬರೀ ಯೇಸು, ಮೇರಿ ಅಲ್ಲ. ಮೀನು ಮಾರುವವಳು, ಪಿಜ್ಜಾ ಬೇಯಿಸುವವನು, ನಿದ್ದೆ ಹೊಡೆಯುವ ಕುರುಬ, ಆಟಗಾರರು, ರಾಜಕಾರಣಿಗಳು, ಎಲ್ಲರೂ ಗೊಂಬೆಯಾಗಿ ಸಾಲಾಗಿ ಕೂತಿರುತ್ತಾರೆ. ದಸರೆಗೆ ಗೊಂಬೆ ಕೂರಿಸುವ ಮನೆಯವರಿಗೆ ಆ ಬೀದಿ ಬಿಟ್ಟು ಬರಲು ಮನಸ್ಸೇ ಆಗುವುದಿಲ್ಲ. ನಾವು ಚೆಟ್ಟಿಯಾರ್ ಗೊಂಬೆ ಕೂರಿಸುತ್ತೇವಲ್ಲ, ಆ ಸಾಲಿಗೆ ಈಗ ನಮ್ಮ ಮನೆಯಲ್ಲಿ ಒಬ್ಬ ಪಿಜ್ಜಾದವನೂ ಇದ್ದಾನೆ.

ಸುತ್ತಮುತ್ತ ಒಂದು ದಿನ ಹೋಗಿ ಬರುವ ವಿಷಯದಲ್ಲಿ ನೇಪಲ್ಸ್‌ಗೆ ಸಾಟಿ ಇಲ್ಲ. ಚಿರ್ಕುಮ್‌ವೆಸುವಿಯಾನಾ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಪಾಂಪೇ. ರೈಲಿನಲ್ಲಿ ನೂಕುನುಗ್ಗಲು, ಪರ್ಸ್ ಮುಂದಿನ ಜೇಬಿನಲ್ಲಿರಲಿ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದು ಮುಚ್ಚಿಹಾಕಿದ ಊರು ಅದು, ಇನ್ನೂ ಮೂರನೇ ಒಂದು ಭಾಗ ಮಣ್ಣಿನಡಿಯೇ ಇದೆ. ನೆರಳು ಇಲ್ಲವೇ ಇಲ್ಲ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಅಷ್ಟು ನಡೆಯಲಾಗದವರು ಅದೇ ದಾರಿಯಲ್ಲಿ ಮೊದಲೇ ಸಿಗುವ ಎರ್ಕೊಲಾನೊದಲ್ಲಿ ಇಳಿಯಿರಿ. ಅದೂ ಆಗಲೇ ಹೂತುಹೋದ ಊರು, ಆದರೆ ಚಿಕ್ಕದು, ಅಲ್ಲಿ ಸುಟ್ಟು ಕರಿಯಾದ ಮರದ ತೊಲೆಗಳು ಕೂಡ ಉಳಿದಿವೆ. ನನ್ನ ಮಟ್ಟಿಗೆ ಅದೇ ಹೆಚ್ಚು ಮನಸ್ಸಿಗೆ ತಟ್ಟಿತು. ಕಾಪ್ರಿ, ಪ್ರೊಚಿಡಾ ದ್ವೀಪಗಳಿಗೆ ದೋಣಿ ಇದೆ. ವಿಯೆನ್ನಾದಿಂದ ಪಕ್ಕದ ಸ್ಲೋವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ ರೈಲಿನಲ್ಲಿ ಒಂದು ಗಂಟೆ, ಸಾಲ್ಜ್‌ಬರ್ಗ್ ಎರಡೂವರೆ.

ವಾರದ ರಜೆ ದಿನಗಳನ್ನೂ ನೋಡಿಕೊಳ್ಳಿ. ವಿಯೆನ್ನಾದಲ್ಲಿ ಭಾನುವಾರ ದಿನಸಿ ಅಂಗಡಿಗಳು ಬಹುತೇಕ ಬಂದ್, ದೊಡ್ಡ ರೈಲು ನಿಲ್ದಾಣದೊಳಗಿನಂಥ ಕೆಲವು ಮಾತ್ರ ತೆರೆದಿರುತ್ತವೆ. ಹಾಲು, ಮೊಸರು ಶನಿವಾರವೇ ತಂದಿಟ್ಟುಕೊಳ್ಳಿ. ಮೆಟ್ರೋಗೆ ಗೇಟು ಇಲ್ಲ, ಹಾಗಂತ ಟಿಕೆಟ್ ಇಲ್ಲದೆ ಹತ್ತಬೇಡಿ, ಸಿಕ್ಕಿಬಿದ್ದರೆ ದಂಡ 100 ಯೂರೋ ಮೇಲೆ. ನೇಪಲ್ಸಿನಲ್ಲಿ ಆರ್ಕಿಯಾಲಜಿ ಮ್ಯೂಸಿಯಂಗೆ ಮಂಗಳವಾರ ರಜೆ, ಸಾನ್ಸೆವೇರೊ ಚಾಪೆಲ್‌ಗೂ ಮಂಗಳವಾರವೇ. ಆ ಚಾಪೆಲ್‌ನಲ್ಲಿ 1753ರಲ್ಲಿ ಸಾನ್ಮಾರ್ಟಿನೊ ಕೆತ್ತಿದ ಕ್ರಿಸ್ತನ ಮೂರ್ತಿ ಇದೆ. ಮೈಮೇಲಿನ ತೆಳು ಬಟ್ಟೆಯೂ ಅದೇ ಅಮೃತಶಿಲೆ. ನಮ್ಮ ಬೇಲೂರಿನ ಶಿಲ್ಪ ನೋಡಿ ಬೆಳೆದ ಕಣ್ಣಿಗೂ ನಂಬಲಾಗಲಿಲ್ಲ. ಟಿಕೆಟ್ ವಾರಗಳ ಮುಂಚೆ ತೆಗೆದಿಡಿ.

ಮನೆ ಹಿಡಿಯುವಾಗ ನೇಪಲ್ಸಿನಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. ಲಿಫ್ಟ್ ಇದೆಯಾ? ಮಲಗುವ ಕೋಣೆಯ ಕಿಟಕಿ ಬೀದಿಗೋ, ಒಳಗಿನ ಅಂಗಳಕ್ಕೋ? ನಾವು ಕೇಳಿರಲಿಲ್ಲ. ನಾಲ್ಕನೇ ಮಹಡಿಗೆ ಸೂಟ್‌ಕೇಸ್ ಹೊತ್ತೆವು, ರಾತ್ರಿ ಎರಡರವರೆಗೆ ಸ್ಕೂಟರ್ ಸದ್ದಿಗೆ ನಿದ್ದೆ ಬರಲಿಲ್ಲ.

ವೀಸಾ ಎರಡಕ್ಕೂ ಷೆಂಗೆನ್ನೇ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ. ವಿಯೆನ್ನಾಗೆ ಮಾತ್ರವಾದರೆ ಆಸ್ಟ್ರಿಯಾದ ಕಡೆ ಅರ್ಜಿ ಹಾಕಿ, ನೇಪಲ್ಸ್‌ಗಾದರೆ ಇಟಲಿ ಕಡೆ. ಎರಡೂ ದೇಶಕ್ಕೆ ಹೋಗುವುದಾದರೆ ಹೆಚ್ಚು ದಿನ ಎಲ್ಲಿ ಇರುತ್ತೀರೋ ಅಲ್ಲಿ. ಆರು ತಿಂಗಳು ಮುಂಚಿನಿಂದ ಅರ್ಜಿ ತಗೊಳ್ಳುತ್ತಾರೆ, ಕೊನೇ ಗಳಿಗೆಗೆ ಬಿಡಬೇಡಿ. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಬೇಕು. ಹತ್ತು ದಿನಕ್ಕಿಂತ ಹೆಚ್ಚು ರಜೆ ಇದ್ದರೆ ಎರಡೂ ನೋಡಿ, ವಿಮಾನದಲ್ಲಿ ಎರಡು ಗಂಟೆಯೂ ಬೇಡ. ವಿಯೆನ್ನಾ ಮೊದಲು, ನೇಪಲ್ಸ್ ಆಮೇಲೆ. ವಿಯೆನ್ನಾದ ಮಾರಿಯಾ ತೆರೇಸಾ ರಾಣಿಯ ಮಗಳು ಮಾರಿಯಾ ಕರೊಲೀನಾಳನ್ನು 1768ರಲ್ಲಿ ನೇಪಲ್ಸ್ ರಾಜನಿಗೆ ಮದುವೆ ಮಾಡಿ ಕಳಿಸಿದ್ದರು, ಅವಳು ಹೋದ ಕ್ರಮವೂ ಇದೇ. ಒಂದೇ ವಾರ ಅಂದರೆ ಮಾತ್ರ ದಯವಿಟ್ಟು ಒಂದೇ ಊರು.

ತಂಗಿಯ ಜೊತೆ ಅವಳ ಅತ್ತೆ ಬರುತ್ತಿದ್ದಾರೆ, ಒಂಬತ್ತು ವರ್ಷದ ಮಗ ಇದ್ದಾನೆ, ಹೋಗುವುದು ಮೇ ತಿಂಗಳು, ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಊಟದ ಲೆಕ್ಕದಲ್ಲಿ ನೇಪಲ್ಸ್, ಕಾಲಿನ ಲೆಕ್ಕದಲ್ಲಿ ವಿಯೆನ್ನಾ. ಊಟಕ್ಕೆ ಅಡುಗೆಮನೆ ಇರುವ ಮನೆ ಹಿಡಿಯಬಹುದು, ಅತ್ತೆಯ ಮಂಡಿಗೆ ಏನು ಮಾಡುವುದು? ವಿಯೆನ್ನಾ ಅಂದೆ. ಟ್ರಾಮ್ ನಿಲ್ದಾಣದ ಪಕ್ಕದಲ್ಲೇ ಮನೆ ಸಿಕ್ಕಿದೆ, ಸಣ್ಣ ಕುಕ್ಕರ್ ಪ್ಯಾಕ್ ಮಾಡುತ್ತಿದ್ದಾಳೆ.