ಪಿಚ್ ಅಂದ್ರೆ ಯಾವ ಪಿಚ್?

ಇಂಗ್ಲಿಷಿನ 'ಪಿಚ್' ಎದುರಾದರೆ ಡಿಕ್ಷನರಿ ತೆಗೆಯುವ ಮೊದಲು ಪಕ್ಕದ ಪದ ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಓವರ್, ಸ್ಪಿನ್ ಅಂತಿದ್ದರೆ ಕ್ರಿಕೆಟ್ಟಿನ 22 ಗಜದ ಅಂಕಣ. 440 ಹರ್ಟ್ಜ್ ಅಂತಿದ್ದರೆ ಸಂಗೀತ. ನಾವು ಶ್ರುತಿ ಅಂತೀವಲ್ವಾ, ಹೆಚ್ಚುಕಮ್ಮಿ ಅದೇ.

ಮಿಲಿಮೀಟರ್ ಕಂಡರೆ ಮಾತ್ರ ಹುಷಾರು. ಅದು ಬೋಲ್ಟಿನ ಒಂದು ಥ್ರೆಡ್ಡಿನಿಂದ (ಮೈಮೇಲಿನ ಸುರುಳಿ ಗೆರೆ) ಪಕ್ಕದ ಥ್ರೆಡ್ಡಿಗಿರುವ ದೂರ. ಎಂ8, ಅಂದ್ರೆ 8 ಮಿ.ಮೀ. ದಪ್ಪದ ಬೋಲ್ಟಿನಲ್ಲಿ ಈ ದೂರ ಸಾಮಾನ್ಯವಾಗಿ 1.25 ಮಿ.ಮೀ. ಇರುತ್ತದೆ, 1 ಮಿ.ಮೀ.ನದೂ ಸಿಗುತ್ತದೆ, ದಪ್ಪ ಒಂದೇ ಅಲ್ವಾ ಅಂತ ನಾನು ಸುಮ್ನೆ ತಂದು ತಿರುಗಿಸಿದೆ, ಎರಡು ಸುತ್ತು ಹೋಗುವಷ್ಟರಲ್ಲೇ ಕಚ್ಚಿಕೊಂಡು ನಟ್ಟೂ ಹಾಳಾಯಿತು. ಅಂಗಡಿಯಲ್ಲೇ ಹಳೆ ನಟ್ ಹಾಕಿ ನೋಡಿ.

ಹೂಡಿಕೆದಾರರ ಮುಂದಿನ ಪಿಚ್ ಬೇರೆ, ಅದು ಹಣ ಹಾಕಿ ಅಂತ ಒಪ್ಪಿಸುವ ಮಾತು. ಟಾರಿನಂಥ ಕಪ್ಪು ಅಂಟಿಗೂ ಇದೇ ಹೆಸರು. 'ಪಿಚ್ ಬ್ಲ್ಯಾಕ್' (ಕಡುಗಪ್ಪು) ಬಂದದ್ದು ಅಲ್ಲಿಂದ.