ಆಫ್‌ವೈಟ್ ಹೊಡೆಸುವ ಮೊದಲು ಮನೆಯ ಬೆಳಕು ನೋಡಿ

ಉಡುಪಿಯಲ್ಲಿರುವ ಅಕ್ಕನ ಮನೆಗೆ ಕಳೆದ ವರ್ಷ ಬಣ್ಣ ಹೊಡೆಸಿದರು. ಶೇಡ್ ಕಾರ್ಡಿನಲ್ಲಿ ಹಾಲಿನ ಕೆನೆಯ ಹಾಗೆ ಇದ್ದದ್ದು ಗೋಡೆಗೆ ಬಂದ ಮೇಲೆ ಹಸಿರು ಹಸಿರಾಗಿ ಕಂಡಿತು. ಪೈಂಟರ್ ಬೇರೆ ಡಬ್ಬ ತಂದಿದ್ದಾನೆ ಅಂತ ಭಾವ ಸಿಟ್ಟು ಮಾಡಿದರು. ಡಬ್ಬ ಸರಿಯೇ ಇತ್ತು. ಕಿಟಕಿಯ ಹೊರಗೆ ಮನೆಗೆ ತಾಗಿಕೊಂಡೇ ತೆಂಗು, ಅಡಿಕೆ, ಬಾಳೆ. ಆ ಎಲೆಗಳಿಗೆ ತಾಗಿ ಒಳಗೆ ಬರುವ ಬೆಳಕೇ ಹಸಿರು. ಬಿಳಿಗೆ ಚೂರೇ ಚೂರು ಹಳದಿ, ಕೆಂಪು ಅಥವಾ ಕಂದು ಸೇರಿದರೆ ಆಫ್‌ವೈಟ್. ಸೇರಿದ್ದು ಅಷ್ಟು ಕಮ್ಮಿ ಆದ್ದರಿಂದಲೇ ಸುತ್ತಲಿನ ಬಣ್ಣ ಅದನ್ನು ಬೇಗ ಬದಲಾಯಿಸಿಬಿಡುತ್ತದೆ. ಬೆಳಕು ನೋಡದೆ ಬಣ್ಣ ಆರಿಸುವ ಈ ತಪ್ಪನ್ನು ಮೂರ್ನಾಲ್ಕು ಮನೆಗಳಲ್ಲಿ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದು, ಸಮಯ. ನಮ್ಮ ಕರಾವಳಿಯಲ್ಲಿ ದೀಪಾವಳಿ ಕಳೆದು ಗೋಡೆ ಚೆನ್ನಾಗಿ ಒಣಗಿದ ಮೇಲೆ ಕೆಲಸ ಶುರು ಮಾಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಕುಡಿದ ಕೆಂಪು ಕಲ್ಲಿನ ಗೋಡೆ ಒಣಗಲು ವಾರಗಳೇ ಬೇಕು. ಹಸಿ ಗೋಡೆಗೆ ಹೊಡೆದ ಬಣ್ಣ ಗುಳ್ಳೆ ಎದ್ದು ಉದುರುತ್ತದೆ.

ಎರಡನೆಯದು, ಬೂಷ್ಟು. ಅದನ್ನು ಒರೆಸಿ ಅದರ ಮೇಲೇ ಬಣ್ಣ ಹೊಡೆಯಬೇಡಿ, ಬರುವ ಮಳೆಗಾಲಕ್ಕೆ ಕಪ್ಪು ಚುಕ್ಕಿ ಮತ್ತೆ ಬರುತ್ತದೆ, ಆಫ್‌ವೈಟ್‌ನಲ್ಲಂತೂ ಎದ್ದು ಕಾಣುತ್ತದೆ. ಬ್ಲೀಚಿಂಗ್ ಪೌಡರ್ ಕರಗಿಸಿದ ನೀರಿನಲ್ಲಿ ಉಜ್ಜಿ, ತೊಳೆದು, ಒಣಗಲು ಬಿಡಿ. ಕಿಟಕಿ ತೆರೆದಿರಲಿ. ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಹಳೆ ಸುಣ್ಣದ ಪದರ ಇದ್ದರೆ ಪೂರ್ತಿ ಕೆರೆದು ತೆಗೆಯಿರಿ.

ಇನ್ನು ಎಲ್ಲರೂ ಎಡವುವ ಜಾಗ, ಬಣ್ಣ ಆರಿಸುವುದು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಬೆರಳಗಲದ ಚೌಕ ನೋಡಿ ತೀರ್ಮಾನ ಮಾಡಬೇಡಿ. ಮೂರೇ ಮೂರು ಬಣ್ಣ ಆರಿಸಿ: ಒಂದು ಹಳದಿ ಕಡೆಗೆ, ಒಂದು ಗುಲಾಬಿ ಕಡೆಗೆ, ಒಂದು ಕಂದು ಕಡೆಗೆ ವಾಲಿದ್ದು. ಯಾವುದು ಯಾವ ಕಡೆಗೆ ವಾಲಿದೆ ಅಂತ ತಿಳಿಯದಿದ್ದರೆ ಕಾರ್ಡನ್ನು ಅಚ್ಚ ಬಿಳಿ ಕಾಗದದ ಪಕ್ಕ ಇಡಿ, ಕೂಡಲೇ ಗೊತ್ತಾಗುತ್ತದೆ. ಮೂರರದ್ದೂ ಸಣ್ಣ ಡಬ್ಬ ತನ್ನಿ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ದಪ್ಪ ರಟ್ಟಿಗೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಹಚ್ಚಿ, ಮೇಲೆ ಎರಡು ಕೋಟ್ ಬಣ್ಣ ಹೊಡೆದು ಒಣಗಿಸಿ. ನೇರ ಗೋಡೆಗೇ ಹೊಡೆದರೆ ಹಳೆ ಬಣ್ಣ ಪಕ್ಕದಲ್ಲೇ ಇದ್ದು ಕಣ್ಣಿಗೆ ಮೋಸ ಮಾಡುತ್ತದೆ.

ಈ ರಟ್ಟುಗಳನ್ನು ಎರಡು ದಿನ ಮನೆಯಲ್ಲಿ ತಿರುಗಿಸಿ. ಬೆಳಿಗ್ಗೆ ಎಂಟಕ್ಕೆ ನೋಡಿ, ಮಧ್ಯಾಹ್ನ ನೋಡಿ, ಸಂಜೆ ಐದಕ್ಕೆ, ರಾತ್ರಿ ದೀಪ ಹಾಕಿ ನೋಡಿ. ಒಮ್ಮೆ ಕಿಟಕಿಯ ಎದುರಿನ ಗೋಡೆಗೆ, ಒಮ್ಮೆ ಕಿಟಕಿ ಇರುವ ಗೋಡೆಗೇ ಒರಗಿಸಿ, ಅಲ್ಲಿ ಬಣ್ಣ ಯಾವಾಗಲೂ ಮಂಕು. ಕಾವಿ ನೆಲದ ಹಳೆ ಮನೆಯಾದರೆ ನೆಲದ ಹತ್ತಿರ ಇಟ್ಟು ನೋಡಿ, ಗೋಡೆಯ ಕೆಳಭಾಗ ಕೆಂಪಾಗುವುದು ಕಾಣುತ್ತದೆ. ಅಂಥ ಮನೆಗೆ ಗುಲಾಬಿ ಕಡೆಯದ್ದು ಬೇಡವೇ ಬೇಡ, ಹಳದಿ ಕಡೆಯದ್ದೇ ಸರಿ. ತೋಟದ ಹಸಿರು ಒಳಗೆ ಬರುವ ಮನೆಗೆ ಹಳದಿ ಬೇಡ, ಎರಡೂ ಸೇರಿ ಇನ್ನೂ ಹಸಿರಾಗುತ್ತದೆ. ಅಲ್ಲಿಗೆ ಸ್ವಲ್ಪ ಗುಲಾಬಿ ಅಥವಾ ಕಂದು ಇರಬೇಕು. ಅಕ್ಕನ ಮನೆಯನ್ನು ಕೊನೆಗೆ ಹಾಗೇ ಸರಿ ಮಾಡಿದ್ದು.

ಕೆಲವು ಶೇಡ್ ಪುಸ್ತಕಗಳಲ್ಲಿ ಎಲ್‌ಆರ್‌ವಿ ಅಂತ ಒಂದು ಅಂಕಿ ಇರುತ್ತದೆ, ಬಣ್ಣ ಎಷ್ಟು ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಎಂಬ ಲೆಕ್ಕ. 0 ಅಂದ್ರೆ ಕಪ್ಪು, 100 ಅಂದ್ರೆ ಬಿಳಿ. ಮುಂದೆ ಜಗಲಿ, ಮೇಲೆ ಇಳಿಮಾಡು ಇದ್ದು ಒಳಗೆ ಕತ್ತಲು ಜಾಸ್ತಿಯಾದರೆ 80ರ ಮೇಲಿನದ್ದು ತಗೊಳ್ಳಿ.

ದೀಪ ಮರೆಯಬೇಡಿ. ಬಲ್ಬಿನ ಬೆಳಕಿನ ಬಣ್ಣವನ್ನು ಕೆಲ್ವಿನ್ ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ಕಮ್ಮಿಯಾದಷ್ಟು ಹಳದಿ, ಜಾಸ್ತಿಯಾದಷ್ಟು ನೀಲಿ. 6500 ಕೆಲ್ವಿನ್ ಬಲ್ಬು ನೀಲಿ ಬೆಳಕು ಕೊಟ್ಟು ಬೆಚ್ಚಗಿನ ಆಫ್‌ವೈಟನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ಹಾಲ್‌ಗೆ 3000, ಅಡುಗೆಮನೆಗೆ 4000 ಸಾಕು. ಬಲ್ಬ್ ಬದಲಿಸಿದ ಮೇಲೆಯೇ ರಟ್ಟು ನೋಡಿ.

ಪುಟ್ಟಿ, ಉಜ್ಜುವುದು, ಪ್ರೈಮರ್, ಎರಡು ಕೋಟ್: ಇದು ಪೈಂಟರಿಗೆ ಗೊತ್ತಿರುವ ಕೆಲಸ. ಆದರೆ ಬಿಳಿ ಡಬ್ಬಕ್ಕೆ ಸ್ಟೇನರ್ (ಬಣ್ಣ ಬರಿಸುವ ಗಟ್ಟಿ ದ್ರವ) ಹಾಕಿ ಇಲ್ಲೇ ಕಲಸುತ್ತೇನೆ ಅಂದರೆ ಒಪ್ಪಬೇಡಿ, ಎರಡನೇ ಡಬ್ಬ ಖಂಡಿತ ಬೇರೆ ಬಣ್ಣ ಬರುತ್ತದೆ. ಅಂಗಡಿಯ ಮೆಷಿನ್‌ನಲ್ಲಿ ಮಾಡಿಸಿದ ಡಬ್ಬಗಳನ್ನೂ ಒಂದು ಕೋಣೆಗೆ ಬೇಕಾದಷ್ಟು ದೊಡ್ಡ ಬಕೆಟ್‌ಗೆ ಸುರಿದು ಸೇರಿಸಿಕೊಳ್ಳಿ. ಕಮ್ಮಿ ಬೆಲೆಯ ಡಿಸ್ಟೆಂಪರ್ ಬೇಡ. ಒರಗಿದರೆ ಅಂಗಿಗೆ ಅಂಟುತ್ತದೆ, ಮಕ್ಕಳ ಕೈಗುರುತು ಒರೆಸಿದರೆ ಬಣ್ಣವೇ ಬರುತ್ತದೆ. ಒರೆಸಲು ಆಗುವ ಎಮಲ್ಷನ್ ಹಾಕಿಸಿ, ಹೊಳಪು ಜಾಸ್ತಿ ಬೇಡ, ಗೋಡೆಯ ಉಬ್ಬುತಗ್ಗೆಲ್ಲ ಕಾಣುತ್ತದೆ.

ಸೀಲಿಂಗ್‌ಗೆ ಅಚ್ಚ ಬಿಳಿ ಹೊಡೆಸಿದರೆ ಗೋಡೆ ಹಳೆಯದಾದ ಹಾಗೆ ಕಾಣುತ್ತದೆ. ಅದೇ ಆಫ್‌ವೈಟಿಗೆ ಅರ್ಧದಷ್ಟು ಬಿಳಿ ಸೇರಿಸಿ ಹೊಡೆಸಿ. ಹಲಸಿನ ಮರದ ಬಾಗಿಲು, ದಾರಂದ ಇದ್ದರೆ ಅದಕ್ಕೆ ಬಣ್ಣ ಬಳಿಯಬೇಡಿ, ಪಾಲಿಷ್ ಮಾಡಿಸಿ ಬಿಡಿ. ಆ ಜೇನು ಬಣ್ಣದ ಪಕ್ಕ ಆಫ್‌ವೈಟ್ ಗೋಡೆ ತುಂಬ ಚೆಂದ.

ಉಳಿದ ಅರ್ಧ ಲೀಟರ್ ಬಣ್ಣವನ್ನು ಗಾಳಿ ಹೋಗದ ಹಾಗೆ ಮುಚ್ಚಿಡಿ. ಶೇಡ್ ನಂಬರ್, ತಾರೀಕು, ಯಾವ ಕೋಣೆಯದ್ದು ಅಂತ ಮುಚ್ಚಳದ ಮೇಲೆ ಬರೆಯಿರಿ, ಫೋಟೋ ತೆಗೆದು ಮೊಬೈಲ್‌ನಲ್ಲೂ ಇಟ್ಟುಕೊಳ್ಳಿ.