ರೊಕ್ಕ ಖರ್ಚಿಲ್ಲದೆ ಗೇಮ್ ಸ್ಕ್ರೀನ್‌ಶಾಟ್ ತಿದ್ದಲು ಯಾವ ಸಾಫ್ಟ್‌ವೇರ್?

ಗೇಮ್ ಸ್ಕ್ರೀನ್‌ಶಾಟ್ ತಿದ್ದುವುದೆಂದರೆ ಇರುವುದು ನಾಲ್ಕೈದೇ ಕೆಲಸ. ಅಂಚು ಕತ್ತರಿಸಬೇಕು, ಕತ್ತಲೆ ದೃಶ್ಯಕ್ಕೆ ಬೆಳಕು ಕೊಡಬೇಕು, ಎದುರಾಳಿಯ ಹೆಸರು ಮುಚ್ಚಬೇಕು, ಮೇಲೆ ಕನ್ನಡದಲ್ಲಿ ನಾಲ್ಕು ಪದ ಕೂರಿಸಬೇಕು, ಸರಿಯಾದ ಅಳತೆಯಲ್ಲಿ ಫೈಲ್ ತೆಗೆಯಬೇಕು. ಇಷ್ಟಕ್ಕೆ ತಿಂಗಳು ತಿಂಗಳು ರೊಕ್ಕ ಕಟ್ಟುವ ಫೋಟೋಶಾಪ್ ಬೇಕಿಲ್ಲ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುವ ಕ್ರ್ಯಾಕ್ ಪ್ರತಿಯಂತೂ ಬೇಡವೇ ಬೇಡ. ಅಂಥವುಗಳ ಜೊತೆ ಬರುವ ಮಾಲ್‌ವೇರ್ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಮತ್ತು ಲಾಗಿನ್ ಕುಕೀಗಳನ್ನು ಕದಿಯುತ್ತದೆ. ವರ್ಷಗಟ್ಟಲೆ ಆಡಿ ಬೆಳೆಸಿದ ಸ್ಟೀಮ್ (ಕಂಪ್ಯೂಟರ್ ಗೇಮ್ ಕೊಂಡು ಆಡುವ ತಾಣ) ಖಾತೆ ಒಂದೇ ರಾತ್ರಿಯಲ್ಲಿ ಕೈತಪ್ಪಬಹುದು.

ಸಾಫ್ಟ್‌ವೇರ್ ಹುಡುಕುವ ಮೊದಲು ಚಿತ್ರವನ್ನು ಹೇಗೆ ಹಿಡಿಯುತ್ತಿದ್ದೀರಿ ನೋಡಿ. ಸ್ಟೀಮ್‌ನಲ್ಲಿ ಎಫ್12 ಒತ್ತಿದರೆ ಮಾಮೂಲಾಗಿ ಸಿಗುವುದು ಜೆಪಿಜಿ, ಅಂದರೆ ಸ್ವಲ್ಪ ವಿವರ ಬಿಟ್ಟು ಹಿಂಡಿದ ಫೈಲ್. ಸೆಟ್ಟಿಂಗ್ಸ್‌ನ ‘ಇನ್ ಗೇಮ್’ ಭಾಗದಲ್ಲಿ ವಿವರ ಕಳೆಯದ ಪಿಎನ್‌ಜಿ ಪ್ರತಿಯನ್ನೂ ಉಳಿಸುವ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಜೆಪಿಜಿಯಲ್ಲಿ ಒಮ್ಮೆ ಕಳೆದುಹೋದ ವಿವರವನ್ನು ಯಾವ ಸಾಫ್ಟ್‌ವೇರೂ ವಾಪಸ್ ತರದು. ವಿಂಡೋಸ್‌ನಲ್ಲಿ ಎಚ್‌ಡಿಆರ್ (ತೆರೆಯ ಬೆಳಕು, ಬಣ್ಣಗಳ ವ್ಯಾಪ್ತಿ ಹೆಚ್ಚಿಸುವ ಸೌಲಭ್ಯ) ಚಾಲೂ ಇದ್ದರೆ ಚಿತ್ರ ಸುಣ್ಣ ಬಳಿದ ಹಾಗೆ ಪೇಲವವಾಗಿ ಬರುವುದುಂಟು. ಅದನ್ನು ತಿದ್ದುತ್ತ ಕೂರುವ ಬದಲು ಎಚ್‌ಡಿಆರ್ ಆಫ್ ಮಾಡಿ ಮತ್ತೊಮ್ಮೆ ಹಿಡಿಯಿರಿ. ಗೇಮ್‌ನಲ್ಲೇ ಫೋಟೋ ಮೋಡ್ ಇದ್ದರೆ ಮ್ಯಾಪ್, ಹೆಲ್ತ್ ಬಾರ್‌ಗಳನ್ನು ಅಲ್ಲೇ ಮರೆಮಾಡಿ. ಆಮೇಲೆ ಅಳಿಸುವ ಪಾಡು ತಪ್ಪುತ್ತದೆ.

ನಿಮ್ಮ ಕಂಪ್ಯೂಟರ್, ನಿಮ್ಮ ಕರೆಂಟ್

1920×1080 ಚಿತ್ರದ ಒಂದು ಲೇಯರ್‌ಗೆ (ಒಂದರ ಮೇಲೊಂದು ಇಡುವ ಪದರ) ಸುಮಾರು 8 ಎಂಬಿ ಮೆಮೊರಿ ಸಾಕು. ಹತ್ತು ಲೇಯರ್ ಹಾಕಿದರೂ 80 ಎಂಬಿ ಚಿಲ್ಲರೆ, ಅದರ ಮೇಲೆ ಅನ್‌ಡೂ ಇತಿಹಾಸ. ಹಾಗಾಗಿ 4 ಜಿಬಿ ರ‍್ಯಾಮ್‌ನ ಹಳೆ ಲ್ಯಾಪ್‌ಟಾಪ್ ಕೂಡ ನಡೆಯುತ್ತದೆ, ಆದರೆ ಗೇಮ್ ಮುಚ್ಚಿರಬೇಕು. ಕಲಬುರಗಿಯ ಏಪ್ರಿಲ್-ಮೇ ಬಿಸಿಲಲ್ಲಿ ಗೇಮ್ ಮತ್ತು ಎಡಿಟರ್ ಎರಡನ್ನೂ ಒಟ್ಟಿಗೆ ಓಡಿಸಿದರೆ ಪ್ರೊಸೆಸರ್ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗ ಸಾಫ್ಟ್‌ವೇರ್ ಸ್ಲೋ ಎಂದು ಬೈದು ಉಪಯೋಗವಿಲ್ಲ.

ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳದ ವಿಷಯ ಕರೆಂಟ್. ಉಚಿತ ಎಡಿಟರ್ ಜಿಂಪ್ ಇಂತಿಷ್ಟು ನಿಮಿಷಕ್ಕೊಮ್ಮೆ ತಾನಾಗಿ ಫೈಲ್ ಉಳಿಸುವುದಿಲ್ಲ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರಿಟಾದಲ್ಲಿ ಆಟೋಸೇವ್ ಇದೆ, ಅವಧಿಯನ್ನು 5 ನಿಮಿಷಕ್ಕೆ ಇಳಿಸಿಕೊಳ್ಳಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ನಿಮ್ಮದಾದರೆ ಇದೊಂದೇ ಕಾರಣಕ್ಕೆ ಕ್ರಿಟಾ ಆರಿಸಿದರೂ ತಪ್ಪಿಲ್ಲ. ಅಂದಹಾಗೆ, ಸ್ಟೀಮ್ ಮತ್ತು ಮೈಕ್ರೋಸಾಫ್ಟ್ ಸ್ಟೋರ್‌ಗಳಲ್ಲಿ ಕ್ರಿಟಾಕ್ಕೆ ಬೆಲೆ ಇದೆ. ಅದೇ ಸಾಫ್ಟ್‌ವೇರ್ ಕ್ರಿಟಾದ ಸ್ವಂತ ಜಾಲತಾಣದಲ್ಲಿ ಪುಕ್ಕಟೆ.

ಯಾರಿಗೆ ಯಾವುದು

ಬರೀ ಕತ್ತರಿಸಿ, ಬಾಣದ ಗುರುತು ಹಾಕಿ ಕಳಿಸುವವರಿಗೆ ಪೇಂಟ್ ಡಾಟ್ ನೆಟ್. ವಿಂಡೋಸ್‌ಗೆ ಮಾತ್ರ ಸಿಗುತ್ತದೆ, ಹಗುರ, ಲೇಯರ್ ಉಂಟು. ಇದೂ ಸ್ಟೋರ್‌ನಲ್ಲಿ ದುಡ್ಡಿಗೆ, ಜಾಲತಾಣದಲ್ಲಿ ಉಚಿತ. ಒಂದು ಎಚ್ಚರ: ಅಕ್ಷರವನ್ನು ಯಾವಾಗಲೂ ಬೇರೆ ಲೇಯರ್‌ನಲ್ಲೇ ಬರೆಯಿರಿ, ಇಲ್ಲದಿದ್ದರೆ ಚಿತ್ರಕ್ಕೇ ಅಂಟಿಕೊಂಡು ಬಿಡುತ್ತದೆ.

ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಕಾಲೇಜ್ ಲ್ಯಾಬ್ ಅಥವಾ ನೆಟ್ ಸೆಂಟರ್‌ನಲ್ಲಿ ಕೂತಿದ್ದರೆ ಫೋಟೋಪೀ. ಬ್ರೌಸರ್‌ನಲ್ಲೇ ತೆರೆಯುತ್ತದೆ, ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ಓದುತ್ತದೆ, ಪಕ್ಕದಲ್ಲಿ ಜಾಹೀರಾತು ಇರುತ್ತದೆ ಅಷ್ಟೆ. ನಿಮ್ಮ ಚಿತ್ರ ಅವರ ಸರ್ವರ್‌ಗೆ ಹೋಗುವುದಿಲ್ಲ, ಕೆಲಸ ನಡೆಯುವುದು ನಿಮ್ಮೆದುರಿನ ಯಂತ್ರದಲ್ಲೇ. ಹಾಗಾಗಿ ದಿನದ ಡೇಟಾ ಪ್ಯಾಕ್ ಕೂಡ ಉಳಿಯುತ್ತದೆ.

ನೂರಾರು ಚಿತ್ರಗಳನ್ನು ಒಮ್ಮೆಲೇ ಚಿಕ್ಕದು ಮಾಡಬೇಕಾದರೆ ಇರ್ಫಾನ್‌ವ್ಯೂ. ತೆರೆದು ‘ಬಿ’ ಕೀ ಒತ್ತಿ, ಜೆಪಿಜಿ ಆರಿಸಿ, ಗುಣಮಟ್ಟ 90 ಇಟ್ಟು, ಔಟ್‌ಪುಟ್ ಫೋಲ್ಡರ್ ಬೇರೆ ಕೊಡಿ. ಮನೆಬಳಕೆಗೆ ಉಚಿತ, ವ್ಯಾಪಾರಕ್ಕೆ ಲೈಸನ್ಸ್ ಬೇಕು. ಗೇಮಿಂಗ್ ಕೆಫೆ ನಡೆಸುವವರು ಇದನ್ನು ನೆನಪಿಡಿ.

ಎಲ್ಲವೂ ಒಂದರಲ್ಲೇ ಬೇಕೆಂದರೆ ಜಿಂಪ್. 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರ್ ಹಾಕಿದ ಮೇಲೂ ಅದನ್ನು ಬದಲಿಸಬಹುದು ಅಥವಾ ತೆಗೆಯಬಹುದು. ಹಳೆ 2.10 ಇದ್ದವರು ಹೊಸದಕ್ಕೆ ಬರಲು ಇದೇ ಸಾಕಷ್ಟು ಕಾರಣ. ಅಫಿನಿಟಿ ಕೂಡ 2025ರ ಅಕ್ಟೋಬರ್‌ನಿಂದ ಉಚಿತ, ಕ್ಯಾನ್ವಾ ಖಾತೆ ತೆರೆಯಬೇಕು. ಕೆಲಸಗಾರ ಸಾಫ್ಟ್‌ವೇರ್ ಹೌದು, ಆದರೆ ಅದರ ಎರಡನೇ ಆವೃತ್ತಿಯವರೆಗೆ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡುತ್ತಿರಲಿಲ್ಲ.

ಆದ್ದರಿಂದ ಯಾವುದನ್ನೇ ಆರಿಸಿ, ಮೊದಲು ‘ಗುಲ್ಬರ್ಗಾ’ ಎಂದು ಟೈಪ್ ಮಾಡಿ ನೋಡಿ. ‘ಲ’ದ ಕೆಳಗೆ ‘ಬ’ ಒತ್ತು ಕೂರಬೇಕು, ಅರ್ಕಾವತ್ತು ‘ಗಾ’ದ ಪಕ್ಕಕ್ಕೆ ಬರಬೇಕು. ಇದು ಪಾಸಾದರೆ ‘ಸ್ತ್ರೀ’ ಪ್ರಯತ್ನಿಸಿ. ಅಕ್ಷರಗಳು ಬಿಡಿಬಿಡಿಯಾಗಿ ನಿಂತರೆ ಆ ಸಾಫ್ಟ್‌ವೇರ್ ಕನ್ನಡ ಬರೆಯಲು ಬೇಡ, ಬಣ್ಣ ತಿದ್ದಲು ಮಾತ್ರ ಇಟ್ಟುಕೊಳ್ಳಿ. ಜಿಂಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಬರುತ್ತದೆ. ಫಾಂಟ್ ಬೇಕಾದರೆ ನೋಟೋ ಸಾನ್ಸ್ ಕನ್ನಡ ಅಥವಾ ದಪ್ಪ ಶೀರ್ಷಿಕೆಗೆ ಬಾಲೂ ತಮ್ಮ, ಎರಡೂ ಪುಕ್ಕಟೆ.

ಜಿಂಪ್‌ನಲ್ಲಿ ಒಂದು ಕತ್ತಲೆ ದೃಶ್ಯ

ಮೊದಲು ‘ಇಮೇಜ್’ ಮೆನುವಿನ ‘ಪ್ರಿಸಿಷನ್’ನಲ್ಲಿ 16 ಬಿಟ್ ಆರಿಸಿ. ಮಾಮೂಲಿ ಸ್ಕ್ರೀನ್‌ಶಾಟ್ ಪಿಎನ್‌ಜಿಯಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಮೆಟ್ಟಿಲು ಮಾತ್ರ. ಕತ್ತಲೆಯ ಕೆಲವೇ ಮೆಟ್ಟಿಲುಗಳನ್ನು ಎಳೆದು ಹಿಗ್ಗಿಸಿದಾಗ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. 16 ಬಿಟ್‌ನಲ್ಲಿ ತಿದ್ದುಪಡಿಯ ಮೇಲೆ ತಿದ್ದುಪಡಿ ಮಾಡಿದರೂ ಆ ಪಟ್ಟೆ ಇನ್ನಷ್ಟು ಕೆಡುವುದಿಲ್ಲ. ಆಮೇಲೆ ‘ಕಲರ್ಸ್’ನಲ್ಲಿ ‘ಲೆವೆಲ್ಸ್’ ತೆರೆದು ನಡುವಿನ ಗುಂಡಿಯನ್ನು ಎಡಕ್ಕೆ ಸರಿಸಿ. 1.2ರಿಂದ 1.3 ಸಾಕು, 1.5 ದಾಟಿದರೆ ಕಪ್ಪು ಬೂದಿಯಾಗುತ್ತದೆ. ಮೊದಲೇ ಇದ್ದ ಪಟ್ಟೆ ಆಮೇಲೂ ಉಳಿದರೆ ಕಂಡೂ ಕಾಣದಷ್ಟು ನಾಯ್ಸ್ (ಕಾಳುಕಾಳಾದ ಸಣ್ಣ ಚುಕ್ಕೆ) ಸೇರಿಸಿ, ಕರಗಿಹೋಗುತ್ತದೆ.

ಹೆಸರು, ಐಡಿ ಮುಚ್ಚಲು ಬ್ಲರ್ ನಂಬಬೇಡಿ. ದೊಡ್ಡ ಅಕ್ಷರಗಳನ್ನು ಬ್ಲರ್ ಅಥವಾ ಚೌಕಳಿಯ ಹಿಂದಿನಿಂದ ಊಹಿಸಿ ತೆಗೆಯಬಹುದು. ಗಟ್ಟಿ ಬಣ್ಣದ ಚೌಕವನ್ನೇ ಬಳಿದು ಬಿಡಿ.

‘ಸೇವ್’ ಒತ್ತಿದರೆ ಜಿಂಪ್ ಕೊಡುವುದು ತನ್ನದೇ ಎಕ್ಸ್‌ಸಿಎಫ್ ಫೈಲ್. ಕಳಿಸುವ ಚಿತ್ರಕ್ಕೆ ‘ಎಕ್ಸ್‌ಪೋರ್ಟ್ ಆ್ಯಸ್’. ಜೆಪಿಜಿ ಆದರೆ ಗುಣಮಟ್ಟ 90-92, ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರ ಎಷ್ಟು ಉಳಿಸಬೇಕೆಂಬ ಆಯ್ಕೆ) 4:4:4. ಇದನ್ನು 4:2:0ಗೆ ಬಿಟ್ಟರೆ ಕೆಂಪು ಬಣ್ಣದ ಸಣ್ಣ ಅಕ್ಷರ, ಡ್ಯಾಮೇಜ್ ಅಂಕಿಗಳ ಅಂಚು ಕಲಸಿಹೋಗುತ್ತದೆ. ಫೋಟೋದಲ್ಲಿ ಕಣ್ಣಿಗೆ ಬೀಳದ ಈ ದೋಷ ಗೇಮ್ ಚಿತ್ರದಲ್ಲಿ ಎದ್ದು ಕಾಣುತ್ತದೆ. ಪಿಕ್ಸೆಲ್ ಆರ್ಟ್ ಗೇಮ್ ಆದರೆ ದೊಡ್ಡದು ಮಾಡುವಾಗ ಇಂಟರ್‌ಪೊಲೇಷನ್ (ಪಿಕ್ಸೆಲ್‌ಗಳ ನಡುವೆ ಬಣ್ಣ ಬೆರೆಸುವ ವಿಧಾನ) ‘ನನ್’ (None) ಇಟ್ಟು, ಸರಿಯಾಗಿ 2 ಅಥವಾ 3 ಪಟ್ಟು ಮಾತ್ರ ಹಿಗ್ಗಿಸಿ.

ಫೋನ್‌ನಲ್ಲಿ ಆಡುವವರು

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಗೇಮ್‌ನ ಚಿತ್ರ ಸಾಮಾನ್ಯವಾಗಿ 2400×1080 ಇರುತ್ತದೆ, ಯೂಟ್ಯೂಬ್ ಥಂಬ್‌ನೇಲ್ 1280×720. ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲಿ 16:9ಕ್ಕೆ ಕತ್ತರಿಸಿದರೆ ಎರಡೂ ಬದಿ 240 ಪಿಕ್ಸೆಲ್ ಹೋಗುತ್ತದೆ. ಮುಖ್ಯವಾದದ್ದು ಅಂಚಿನಲ್ಲಿದ್ದರೆ ಕತ್ತರಿಯನ್ನು ಒಂದು ಬದಿಗೆ ಸರಿಸಿ. ಕನ್ನಡ ಫಾಂಟ್ ಹಾಕಿಕೊಳ್ಳಲು ಪಿಕ್ಸೆಲ್‌ಲ್ಯಾಬ್ ಆ್ಯಪ್. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಎಂದೇ ಕಳಿಸಿ, ಇಲ್ಲವಾದರೆ ಅದು ಹಿಂಡಿಬಿಡುತ್ತದೆ.

ಫ್ಲೆಕ್ಸ್ ಹಾಕಿಸುವುದಿದ್ದರೆ

ಹಾಸ್ಟೆಲ್ ಟೂರ್ನಮೆಂಟ್‌ಗೆ 3×2 ಅಡಿ ಬ್ಯಾನರ್ ಎಂದುಕೊಳ್ಳಿ. ಇಂಚಿಗೆ 100 ಪಿಕ್ಸೆಲ್‌ನಂತೆ 3600×2400 ಕ್ಯಾನ್ವಾಸ್ ತೆರೆದು, ಸ್ಕ್ರೀನ್‌ಶಾಟ್ ಹಿಗ್ಗಿಸಿ ಹಿನ್ನೆಲೆಗೆ ಇಡಿ, ಅಕ್ಷರಗಳನ್ನು ಆ ದೊಡ್ಡ ಕ್ಯಾನ್ವಾಸ್‌ನಲ್ಲೇ ಹೊಸದಾಗಿ ಬರೆಯಿರಿ. ಹಿನ್ನೆಲೆ ಸ್ವಲ್ಪ ಮಂಜಾದರೂ ದೂರದಿಂದ ಗೊತ್ತಾಗದು, ಅಕ್ಷರ ಮಂಜಾದರೆ ಎಲ್ಲರಿಗೂ ಕಾಣುತ್ತದೆ. ಅಂಗಡಿಯವರ ಕಂಪ್ಯೂಟರ್‌ನಲ್ಲಿ ನಿಮ್ಮ ಯೂನಿಕೋಡ್ ಫಾಂಟ್ ಇರಲಿಕ್ಕಿಲ್ಲ, ಅದಕ್ಕೇ ಎಲ್ಲ ಲೇಯರ್ ಸೇರಿಸಿದ ಒಂದೇ ಪಿಎನ್‌ಜಿ ಕೊಡಿ. ತೆರೆಯ ಮೇಲೆ ಹೊಳೆಯುವ ನಿಯಾನ್ ಹಸಿರು, ನೇರಳೆ ಇಂಕ್‌ನಲ್ಲಿ ಮಂಕಾಗುತ್ತವೆ. ಶೀರ್ಷಿಕೆಗೆ ಹಳದಿ ಇಲ್ಲವೇ ಬಿಳಿ ಇಟ್ಟು, ಸುತ್ತ ಕಪ್ಪು ಅಂಚು ಕೊಡಿ. ಪೂರ್ತಿ ಬ್ಯಾನರ್ ಹೊಡೆಸುವ ಮುನ್ನ ಒಂದು ಸಣ್ಣ ತುಂಡು ಪ್ರಿಂಟ್ ಕೇಳಿ ನೋಡಿ.